ಕೊನೆಯ ಪುಟದ ನಾಲ್ಕು ಸಾಲು

ಮಗಳು ಐದನೇ ಕ್ಲಾಸಿನಲ್ಲಿ ಅರ್ಧ ಬರೆದು ಬಿಟ್ಟ ಗಣಿತದ ನೋಟ್‌ಬುಕ್ ಒಂದು ನನ್ನ ಹತ್ತಿರ ಇದೆ. ಅದರ ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ನಾಲ್ಕು ಸಾಲು ಬರೆದಿದ್ದೇನೆ. ನನ್ನ ದುಡ್ಡಿನ ಲೆಕ್ಕಾಚಾರವೆಲ್ಲ ಶುರುವಾಗೋದು ಆ ಪುಟದಿಂದ. ಅದನ್ನು ಬರೆಯೋಕೆ ಮಾತ್ರ ದುಡಿಯಲು ಶುರು ಮಾಡಿ ಹದಿಮೂರು ವರ್ಷ ಬೇಕಾಯಿತು.

2006ರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಬಂದೆ. ಪ್ರತಿ ಜನವರಿ ಆಫೀಸಿನಿಂದ ಮೇಲ್ ಬರುತ್ತಿತ್ತು. ಉಳಿತಾಯದ ದಾಖಲೆ ಕೊಡಿ, ಇಲ್ಲದಿದ್ದರೆ ಸಂಬಳದಲ್ಲಿ ಟ್ಯಾಕ್ಸ್ ಹಿಡಿಯುತ್ತೇವೆ ಅಂತ. ಆಗ ಗಾಬರಿ. ಏಜೆಂಟ್ ಆಗಿದ್ದ ನೆಂಟರೊಬ್ಬರು ಬೆರಳಿಟ್ಟ ಕಡೆ ಸಹಿ ಹಾಕಿದೆ. ಹಾಗೆ ಮೂರು ವಿಮೆ ಪಾಲಿಸಿ ಆದವು. ಆಮೇಲೆ ಪಿಪಿಎಫ್, ಅಂದರೆ ದೀರ್ಘಾವಧಿಯ ಸರ್ಕಾರಿ ಉಳಿತಾಯ ಖಾತೆ. ಕಂಪನಿ ಬದಲಿಸಿದಾಗ ಪಿಎಫ್ ತೆಗೆದು ಮೈದುನನ ಮದುವೆಗೆ ಕೊಟ್ಟೆ. ಊರಾಚೆ ಒಂದು ಸೈಟು, ಅದರ ಕಂತಿನಲ್ಲಿ ಅರ್ಧ ನನ್ನದು. ಯಾರೂ ನನ್ನ ಕೈ ಹಿಡಿದು ಬಲವಂತ ಮಾಡಲಿಲ್ಲ. ನಿನಗೇನು ಬೇಕು ಅಂತ ಯಾರೂ ಕೇಳಲೂ ಇಲ್ಲ. ನಾನೂ ಕೇಳಿಕೊಳ್ಳಲಿಲ್ಲ.

2019ರ ಮಳೆಗಾಲ. ತಿಪಟೂರಿನಲ್ಲಿ ಒಬ್ಬರೇ ಇರುವ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ನನಗಿದ್ದ ರಜೆ ಇಪ್ಪತ್ತೊಂದು ದಿನ. ಅದು ಮುಗಿದಾಗ ಅಮ್ಮ ಇನ್ನೂ ವಾಕರ್ ಹಿಡಿದು ಹಾಸಿಗೆಯಿಂದ ಬಾಗಿಲವರೆಗೆ ಮಾತ್ರ ನಡೆಯುತ್ತಿದ್ದರು. ಸಂಬಳವಿಲ್ಲದ ರಜೆ ಕೊಡುತ್ತೇವೆ ಅಂದರು ಆಫೀಸಿನಲ್ಲಿ. ನನ್ನ ಖಾತೆಯಲ್ಲಿ ಇದ್ದದ್ದು ನಲವತ್ತು ಸಾವಿರ. ಪಿಪಿಎಫ್‌ನಿಂದ ಏಳನೇ ವರ್ಷಕ್ಕೆ ಮೊದಲು ದುಡ್ಡು ತೆಗೆಯಲು ಬಿಡುವುದಿಲ್ಲ, ನನ್ನದು ನಾಲ್ಕನೇ ವರ್ಷ. ಪಾಲಿಸಿ ಸರೆಂಡರ್ ಮಾಡಿದರೆ, ಅಂದರೆ ಅವಧಿಗೆ ಮೊದಲೇ ನಿಲ್ಲಿಸಿದರೆ, ಕಟ್ಟಿದ್ದಕ್ಕಿಂತ ಕಡಿಮೆ ಬರುತ್ತದೆ ಅಂದರು. ಸೈಟು ರಾತ್ರೋರಾತ್ರಿ ಮಾರೋಕಾಗುತ್ತಾ? ಬಳೆ ಅಡ ಇಟ್ಟು ಆಸ್ಪತ್ರೆ ಬಿಲ್ ತೀರಿಸಿದೆ, ಅಮ್ಮನನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದೆ, ಬೆಳಗಿನ ರೈಲು ಹತ್ತಿದೆ. ಅಮ್ಮ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದರು. "ಹೋಗು ಕಣೇ, ಕೆಲಸ ಬಿಡ್ಬೇಡ" ಅಂದರು.

ಹದಿಮೂರು ವರ್ಷ ದುಡಿದವಳಿಗೆ ತಾಯಿ ಹತ್ತಿರ ಇನ್ನೊಂದು ತಿಂಗಳು ಕೂರುವಷ್ಟು ದುಡ್ಡು ಇರಲಿಲ್ಲ. ಉಳಿತಾಯ ಇರಲಿಲ್ಲ ಅಂತಲ್ಲ. ಇದ್ದದ್ದೆಲ್ಲ ಬೇರೆಯವರ ಅಗತ್ಯಕ್ಕೆ ಹೊಂದುವ ಹಾಗೆ ಇತ್ತು.

ಆ ವಾರವೇ ನೋಟ್‌ಬುಕ್ ತಿರುಗಿಸಿ ಬರೆದೆ. ಒಂದು, ಅಮ್ಮನಿಗೆ ಬೇಕಾದಾಗ ಆರು ತಿಂಗಳು ಸಂಬಳವಿಲ್ಲದೆ ಇರುವಂತಾಗಬೇಕು. ಎರಡು, ಮಗಳ ಓದು. ಮೂರು, ಐವತ್ತೈದಕ್ಕೆ ಕೆಲಸ ಬಿಡಬೇಕು ಅನಿಸಿದರೆ ಬಿಡುವಂತಿರಬೇಕು. ನಾಲ್ಕು, ಸೈಟಿನಲ್ಲಿ ಮನೆ. ನಾಲ್ಕನೆಯದನ್ನು ಎರಡು ದಿನ ನೋಡಿ ಗೀಟು ಹಾಕಿದೆ. ಅದು ನನ್ನ ಆಸೆ ಆಗಿರಲಿಲ್ಲ. ನಮ್ಮನೆಯವರ ಹತ್ತಿರ ಇದನ್ನು ಹೇಳೋದು ಸುಲಭ ಇರಲಿಲ್ಲ, ಒಂದು ತಿಂಗಳು ಮನೆಯಲ್ಲಿ ಬಿಗಿ ಮಾತೇ. ಕೊನೆಗೆ ಸೈಟು ಮಾರಿದೆವು.

ಬರೆದ ಮೇಲೆ ಎಲ್ಲಿ ಹಾಕಬೇಕು ಅನ್ನೋದು ಅಷ್ಟು ದೊಡ್ಡ ಪ್ರಶ್ನೆಯಾಗಿ ಉಳಿಯಲಿಲ್ಲ. ಅಮ್ಮನ ಸಾಲಿಗೆ ತಿಂಗಳಿಗೆ 65,000ದ ಹಾಗೆ ಆರು ತಿಂಗಳಿಗೆ 3,90,000 ಬೇಕಿತ್ತು. ಅದನ್ನು ಒಂದೇ ಎಫ್‌ಡಿ ಮಾಡದೆ ಆರು ಬೇರೆ ಬೇರೆ ಎಫ್‌ಡಿ ಮಾಡಿದೆ. ಒಂದನ್ನು ಮುರಿದರೆ ಉಳಿದ ಐದಕ್ಕೆ ಬಡ್ಡಿ ನಡೆಯುತ್ತಲೇ ಇರುತ್ತದೆ. ಇದರಲ್ಲಿ ಬಡ್ಡಿ ಕಮ್ಮಿ ಅಂತ ತುಂಬಾ ಜನ ಹೇಳಿದರು. ಬೇಕಾದ ದಿನ ಕೈಗೆ ಸಿಗಬೇಕು ಅನ್ನೋದು ನನಗೆ ಮುಖ್ಯ. ಮಗಳ ಓದಿಗೆ ಮ್ಯೂಚುವಲ್ ಫಂಡ್ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಫಂಡಿಗೆ ಹಾಕುವುದು. ಹೆಣ್ಣುಮಕ್ಕಳಿಗೆ ಅಂತ ಇರುವ ಸರ್ಕಾರಿ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಯ ಖಾತೆಯನ್ನು ಮಗುವಿಗೆ ಹತ್ತು ತುಂಬುವುದರೊಳಗೆ ತೆರೆಯಬೇಕು, ನಮಗೆ ಆ ವಯಸ್ಸು ದಾಟಿಹೋಗಿತ್ತು. ಚಿಕ್ಕ ಹೆಣ್ಣುಮಕ್ಕಳಿರುವವರು ಇದನ್ನು ಗಮನದಲ್ಲಿಡಿ. ಐವತ್ತೈದರ ಸಾಲಿಗೆ ಪಿಎಫ್, ಪಿಪಿಎಫ್. ಕಂಪನಿ ಬದಲಿಸಿದರೆ ಪಿಎಫ್ ಈಗ ಮುಟ್ಟುವುದಿಲ್ಲ, ಹೊಸ ಕಂಪನಿಗೆ ವರ್ಗ ಮಾಡಿಸುತ್ತೇನೆ.

ಟ್ಯಾಕ್ಸ್ ಉಳಿಸೋಕೆ ಅಂತ ಪಾಲಿಸಿ ಮಾಡಿಸೋ ಅಭ್ಯಾಸ ಈಗಲೂ ನಮ್ಮ ಹುಡುಗಿಯರಲ್ಲಿ ಜಾಸ್ತಿ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ, ಪಾಲಿಸಿ, ಪಿಪಿಎಫ್‌ಗೆ ಕಟ್ಟಿದ್ದಕ್ಕೆ ಹಳೆಯ ಪದ್ಧತಿಯಲ್ಲಿ ಸಿಗುವ 80ಸಿ ವಿನಾಯಿತಿಯೇ ಇಲ್ಲ. 2025-26ರಿಂದ ಆ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೂ ಬೀಳುವುದಿಲ್ಲ. ಹಾಗಿರುವಾಗ ಮಾರ್ಚ್ ಬಂತು ಅಂತ ಯಾಕೆ ಸಹಿ ಹಾಕಬೇಕು?

ಇನ್ನೊಂದು ವಿಷಯ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ವಿಲ್ ಬರೆಯದೆ ನಾನು ಸತ್ತರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನನ್ನ ದುಡಿಮೆ ಗಂಡನಿಗೆ ಮತ್ತು ಮಗಳಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಆಗ ನನ್ನ ಅಪ್ಪ, ಅಮ್ಮ. ನಾನು ದುಡಿದು ಉಳಿಸಿದ ದುಡ್ಡಿನಲ್ಲಿ, ಆ ಪುಟದ ಮೊದಲ ಸಾಲಿನಲ್ಲಿರುವ ಅಮ್ಮನಿಗೆ ಒಂದು ಪೈಸೆಯ ಹಕ್ಕೂ ಇಲ್ಲ! ನಮ್ಮನೆಯವರು ಅಮ್ಮನನ್ನು ಕೈಬಿಡುವವರಲ್ಲ. ಆದರೂ ಅಮ್ಮ ಅಳಿಯನ ಹತ್ತಿರ ಕೇಳಿ ಇಸ್ಕೊಳ್ಳೋ ಹಾಗೆ ಆಗಬಾರದು ಅಲ್ವಾ? ಎಫ್‌ಡಿಗೆ ಅಮ್ಮನ ಹೆಸರು ನಾಮಿನಿ ಹಾಕಿದರೆ ಸಾಕು ಅಂದುಕೊಂಡಿದ್ದೆ. ಬ್ಯಾಂಕಿನಿಂದ ದುಡ್ಡು ಪಡೆದುಕೊಳ್ಳುವವರು ನಾಮಿನಿ, ಅಷ್ಟರಿಂದ ಆ ದುಡ್ಡು ಅವರದಾಗುವುದಿಲ್ಲ.

ವಿಲ್ ಬರೆಯೋದು ಕಷ್ಟದ ಕೆಲಸವೇನಲ್ಲ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ನಾವು ಸಹಿ ಮಾಡಬೇಕು, ಇಬ್ಬರು ಸಾಕ್ಷಿ ಸಹಿ ಹಾಕಬೇಕು. ನಾನು ಒಂದು ಭಾನುವಾರ ಬರೆದೆ. ಪಕ್ಕದ ಮನೆ ಆಂಟಿ ಮತ್ತು ಮೂರನೇ ಮಹಡಿಯ ಟೀಚರ್ ಬಂದು, ಕಾಫಿ ಕುಡಿದು, ಸಹಿ ಹಾಕಿ ಹೋದರು.

ಹೋದ ತಿಂಗಳು ಊರಿಗೆ ಹೋದಾಗ ಆರು ಎಫ್‌ಡಿ ರಸೀದಿಗಳನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಒಂದೊಂದನ್ನೇ ನೋಡಿದರು. "ಇಷ್ಟೊಂದು ನಂಗೆ ಅಂತ ಎತ್ತಿಟ್ಟಿದೀಯಾ? ನಂಗ್ಯಾಕೆ ಇಷ್ಟೆಲ್ಲ?" ಅಂದರು.

"ನಂಗೇ ಅಮ್ಮ" ಅಂದೆ. "ಇನ್ನೊಂದ್ ಸಲ ನೀನು ಬಾಗಿಲಲ್ಲಿ ನಿಂತಿರೋವಾಗ ನಾನು ರೈಲು ಹತ್ತಬಾರದು."