ಮೊದಲ ಸ್ಥಾನಕ್ಕೆ ಸಿಗುವುದು ಬರೀ ಏಳನೇ ಪಂದ್ಯವೇ?

ಐಸ್ ಹಾಕಿ ಪ್ಲೇಆಫ್ ಬಗ್ಗೆ ತುಂಬಾ ದಿನದಿಂದ ಮನಸ್ಸಿನಲ್ಲಿದ್ದ ಮಾತು ಇದು. ಇವತ್ತು ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡ ಲೀಗ್ ಹಂತದಲ್ಲಿ 80ಕ್ಕೂ ಹೆಚ್ಚು ಪಂದ್ಯ ಆಡುತ್ತದೆ. ಅಕ್ಟೋಬರ್‌ನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ. ಗಾಯ, ಪ್ರಯಾಣ, ಒಂದರ ಹಿಂದೆ ಒಂದು ರಾತ್ರಿ ಆಟ. ಇಷ್ಟೆಲ್ಲ ದಾಟಿ ಮೊದಲ ಸ್ಥಾನಕ್ಕೆ ಬಂದ ತಂಡಕ್ಕೆ ಪ್ಲೇಆಫ್‌ನಲ್ಲಿ ಸಿಗುವುದೇನು? ತವರಿನ ಅನುಕೂಲ. ಏಳು ಪಂದ್ಯಗಳ ಸರಣಿಯಲ್ಲಿ (ಮೊದಲು ನಾಲ್ಕು ಗೆದ್ದವರು ಮುಂದಕ್ಕೆ) ಮೊದಲ ಎರಡು ಅವರ ತವರಲ್ಲಿ, ಮುಂದಿನ ಎರಡು ಎದುರಾಳಿಯ ಊರಲ್ಲಿ, ಆಮೇಲೆ ಒಂದೊಂದು.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಸರಣಿ ನಾಲ್ಕೇ ಪಂದ್ಯಕ್ಕೆ ಮುಗಿದರೆ ಇಬ್ಬರಿಗೂ ಎರಡೆರಡು. ಆರಕ್ಕೆ ಮುಗಿದರೆ ಮೂರು ಮೂರು. ಐದಕ್ಕೆ ಅಥವಾ ಏಳಕ್ಕೆ ಮುಗಿದರೆ ಮಾತ್ರ ತವರಲ್ಲಿ ಒಂದು ಪಂದ್ಯ ಜಾಸ್ತಿ. ಅಂದರೆ ಆರು ತಿಂಗಳ ದುಡಿಮೆಗೆ ಕೊಟ್ಟ ಬಹುಮಾನ ಕೈಗೆ ಸಿಗುತ್ತೋ ಇಲ್ಲವೋ ಅನ್ನುವುದೂ ಗ್ಯಾರಂಟಿ ಇಲ್ಲ.

ತವರಿನ ಅನುಕೂಲ ಏನೂ ಅಲ್ಲ ಅಂತ ನಾನು ಹೇಳುತ್ತಿಲ್ಲ. ಐಸ್ ಹಾಕಿಯಲ್ಲಿ ಅದು ಬರೀ ಜನರ ಕೂಗಾಟ ಅಲ್ಲ, ನಿಯಮದಲ್ಲೇ ಇದೆ. ಆಟ ನಿಂತಾಗ ಹೊರಗಿನಿಂದ ಬಂದ ತಂಡ ಮೊದಲು ತನ್ನ ಆಟಗಾರರನ್ನು ಇಳಿಸಬೇಕು. ಅದನ್ನು ನೋಡಿಕೊಂಡು ತವರಿನ ಕೋಚ್ ತಮ್ಮವರನ್ನು ಇಳಿಸುತ್ತಾರೆ. ಎದುರಾಳಿಯ ಒಳ್ಳೆಯ ಸ್ಕೋರರ್ ಬಂದ ಕೂಡಲೇ ತಮ್ಮ ಗಟ್ಟಿ ಡಿಫೆಂಡರ್‌ಗಳನ್ನು ಕಳಿಸಬಹುದು. ಇದು ನಿಜವಾದ ಅನುಕೂಲ. ಆದರೆ ಸಾಲದು.

2019ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ 62 ಪಂದ್ಯ ಗೆದ್ದು 128 ಪಾಯಿಂಟ್ ಮಾಡಿತ್ತು. ಕೊನೆಯ ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ನೇರವಾಗಿ ಅರ್ಹತೆ ಸಿಗದವರಿಗೆ ಇಟ್ಟ ಕೊನೆಯ ಜಾಗದಲ್ಲಿ, ಒಳಗೆ ಬಂದ ಕೊಲಂಬಸ್ ಅವರನ್ನು ಮೊದಲ ಸುತ್ತಿನಲ್ಲೇ 4-0ರಿಂದ ಮನೆಗೆ ಕಳಿಸಿತು. 2023ರಲ್ಲಿ ಬೋಸ್ಟನ್ ಬ್ರೂಯಿನ್ಸ್ 65 ಗೆಲುವು, 135 ಪಾಯಿಂಟ್. ಎರಡೂ ಲೀಗ್ ದಾಖಲೆ. 92 ಪಾಯಿಂಟ್‌ನ ಫ್ಲೋರಿಡಾ ಪ್ಯಾಂಥರ್ಸ್ ಎದುರು ಸರಣಿಯಲ್ಲಿ 3-1 ಮುಂದಿದ್ದರು. ಏಳನೇ ಪಂದ್ಯದ ಓವರ್‌ಟೈಮ್‌ನಲ್ಲಿ ಫ್ಲೋರಿಡಾದ ಕಾರ್ಟರ್ ವರ್‌ಹೇಗಿ ಹೊಡೆದ ಗೋಲಿಗೆ ಎಲ್ಲ ಮುಗಿಯಿತು. ಅದೂ ಬೋಸ್ಟನ್‌ನಲ್ಲೇ. ನಾನು ಬೋಸ್ಟನ್ ಅಭಿಮಾನಿ ಅಲ್ಲ. ಆದರೂ ಅವತ್ತು ಆ ಆಟಗಾರರ ಮುಖ ನೋಡಿ ಹೊಟ್ಟೆ ಹಿಂಡಿದ ಹಾಗಾಯಿತು.

ಇವರು ಸೋತಿದ್ದಕ್ಕೆ ಪ್ಲೇಆಫ್ ಮಾದರಿಯೇ ಕಾರಣ ಅನ್ನುತ್ತಿಲ್ಲ. ಗೋಲು ಕಡಿಮೆ ಬೀಳುವ ಆಟ ಇದು. ಒಬ್ಬ ಗೋಲ್‌ಕೀಪರ್ ಒಂದು ವಾರ ಮೈಮೇಲೆ ದೇವರು ಬಂದ ಹಾಗೆ ಆಡಿದರೆ ಯಾರೂ ಏನೂ ಮಾಡಲಾಗದು. ಅದಕ್ಕೇ ಅಲ್ವಾ ನಾವು ಪ್ಲೇಆಫ್ ನೋಡುವುದು? ನನ್ನ ತಕರಾರು ಇರುವುದು ಜೋಡಿ ಹಾಕುವ ರೀತಿಯ ಮೇಲೆ.

ಎನ್‌ಎಚ್‌ಎಲ್ ತಂಡಗಳನ್ನು ಪೂರ್ವ, ಪಶ್ಚಿಮ ಅಂತ ಎರಡು ಕಾನ್ಫರೆನ್ಸ್, ಪ್ರತಿಯೊಂದರಲ್ಲಿ ಎರಡು ಡಿವಿಷನ್ ಆಗಿ ಹಂಚಿದ್ದಾರೆ. 2014ರ ಪ್ಲೇಆಫ್‌ನಿಂದ ಈ ಡಿವಿಷನ್ ಲೆಕ್ಕದಲ್ಲಿ ಜೋಡಿ ಹಾಕುತ್ತಾರೆ. ಯಾರು ಗೆದ್ದರೆ ಯಾರ ಎದುರು ಅನ್ನುವುದು ಮೊದಲೇ ಬರೆದಿಟ್ಟ ದಾರಿ. ಅದಕ್ಕೂ ಮುಂಚೆ ಪ್ರತಿ ಸುತ್ತು ಮುಗಿದ ಮೇಲೆ ಹೊಸದಾಗಿ ಕ್ರಮ ಹಾಕುತ್ತಿದ್ದರು. ಉಳಿದವರಲ್ಲಿ ಮೇಲಿನ ಸೀಡ್‌ಗೆ (ಶ್ರೇಯಾಂಕದ ತಂಡಕ್ಕೆ) ಕೆಳಗಿನ ಸೀಡ್ ಎದುರಾಳಿ. ರೀಸೀಡಿಂಗ್ ಅಂದರೆ ಇದೇ.

ಈಗಿನ ಪದ್ಧತಿಯ ಪೆಟ್ಟು ಎಂಥದ್ದು ಅಂತ 2017 ತೋರಿಸಿತು. ವಾಷಿಂಗ್ಟನ್ 118 ಪಾಯಿಂಟ್‌ನಿಂದ ಇಡೀ ಲೀಗ್‌ಗೆ ಮೊದಲು. ಪಿಟ್ಸ್‌ಬರ್ಗ್ 111ರಿಂದ ಎರಡನೆಯದು. ಇಬ್ಬರದೂ ಒಂದೇ ಡಿವಿಷನ್. ಹಾಗಾಗಿ ಎರಡನೇ ಸುತ್ತಿನಲ್ಲೇ ಎದುರುಬದುರು! ವಾಷಿಂಗ್ಟನ್ ಏಳನೇ ಪಂದ್ಯದಲ್ಲಿ ಸೋತು ಹೊರಬಿತ್ತು. ಅದೇ ಹೊತ್ತಿಗೆ ಪಕ್ಕದ ಡಿವಿಷನ್‌ನ ದಾರಿಯಲ್ಲಿ 98 ಪಾಯಿಂಟ್‌ನ ಒಟ್ಟಾವ, 102 ಪಾಯಿಂಟ್‌ನ ನ್ಯೂಯಾರ್ಕ್ ರೇಂಜರ್ಸ್ ಜೊತೆ ಆಡುತ್ತಿತ್ತು. ಹಳೆಯ ರೀಸೀಡಿಂಗ್ ಇದ್ದಿದ್ದರೆ ವಾಷಿಂಗ್ಟನ್‌ಗೆ ಒಟ್ಟಾವ ಸಿಗುತ್ತಿತ್ತು. ಮೊದಲ ಸ್ಥಾನಕ್ಕೆ ಬಂದಿದ್ದಕ್ಕೆ ಬಹುಮಾನ ಬಿಡಿ, ಸಿಕ್ಕಿದ್ದು ಶಿಕ್ಷೆ. ಹಳೆಯ ಪೈಪೋಟಿಗಳು ಬೆಳೆಯಲಿ ಅಂತ ಈ ಪದ್ಧತಿ ತಂದರು. ಪೈಪೋಟಿ ನನಗೂ ಇಷ್ಟ. ಆದರೆ ಅದರ ಬೆಲೆಯನ್ನು ಮೇಲಿನ ತಂಡವೇ ಯಾಕೆ ಕೊಡಬೇಕು?

ಇನ್ನೂ ದೊಡ್ಡ ಬಹುಮಾನ ಕೊಡುವ ಕಡೆಗಳೂ ಇವೆ. ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಲೀಗ್ ಗೆದ್ದ ತಂಡ ಅಲ್ಲಿನ ಪ್ಲೇಆಫ್ ಆದ ಕ್ಲೈಮ್ಯಾಕ್ಸ್ ಸೀರೀಸ್‌ನ ಕೊನೆಯ ಹಂತವನ್ನು ಕನಿಷ್ಠ ಒಂದು ಗೆಲುವು ಜೇಬಿನಲ್ಲಿಟ್ಟುಕೊಂಡೇ ಶುರು ಮಾಡುತ್ತದೆ. ಪಂದ್ಯಗಳೆಲ್ಲ ಅವರ ತವರಲ್ಲೇ. ಹಾಕಿಗೆ ಇದು ನನಗೆ ಒಪ್ಪಿಗೆ ಇಲ್ಲ. ಪಕ್ (ಆಟದ ರಬ್ಬರ್ ಬಿಲ್ಲೆ) ಬೀಳುವಾಗ ಇಬ್ಬರದೂ ಸೊನ್ನೆಯೇ ಇರಬೇಕು.

ನನ್ನ ಮನಸ್ಸಿಗೆ ಬಂದಿರುವುದು ಬೇರೆ. ಎದುರಾಳಿಯನ್ನು ಮೇಲಿನ ತಂಡದವರೇ ಆರಿಸಿಕೊಳ್ಳಲಿ.

ಇದು ಕನಸಲ್ಲ. ಆಸ್ಟ್ರಿಯಾ ಮತ್ತು ಅಕ್ಕಪಕ್ಕದ ದೇಶಗಳ ತಂಡಗಳು ಆಡುವ ಐಸ್ ಹಾಕಿ ಲೀಗ್‌ನಲ್ಲಿ ಕ್ವಾರ್ಟರ್ ಫೈನಲ್‌ಗೆ ಮೇಲಿನ ತಂಡಗಳೇ ಎದುರಾಳಿಯನ್ನು ಆರಿಸುತ್ತವೆ. ಉತ್ತರ ಅಮೆರಿಕದ ಮಹಿಳೆಯರ ಐಸ್ ಹಾಕಿ ಲೀಗ್ ಪಿಡಬ್ಲ್ಯುಎಚ್‌ಎಲ್ ತನ್ನ ಮೊದಲ ಸೀಸನ್‌ನಲ್ಲೇ, 2024ರಲ್ಲಿ, ಇದನ್ನು ತಂದಿತು. ಮೊದಲ ಸ್ಥಾನದ ತಂಡ ಮೂರನೆಯ ಮತ್ತು ನಾಲ್ಕನೆಯ ತಂಡಗಳಲ್ಲಿ ಒಂದನ್ನು ಆರಿಸಬೇಕು. ಟೊರೊಂಟೊ ನಾಲ್ಕನೆಯ ಮಿನ್ನೆಸೋಟಾವನ್ನು ಆರಿಸಿತು. ಐದು ಪಂದ್ಯಗಳ ಸರಣಿಯ ಮೊದಲ ಎರಡನ್ನು ಗೆದ್ದೂ ಬಿಟ್ಟಿತು. ಮೂರನೇ ಪಂದ್ಯದಲ್ಲಿ ಟೊರೊಂಟೊದ ಮುಖ್ಯ ಸ್ಕೋರರ್ ನಟಾಲಿ ಸ್ಪೂನರ್ ಗಾಯಗೊಂಡರು. ಮಿನ್ನೆಸೋಟಾ ಉಳಿದ ಮೂರನ್ನೂ ಗೆದ್ದು, ಆಮೇಲೆ ಲೀಗ್‌ನ ಟ್ರೋಫಿ ವಾಲ್ಟರ್ ಕಪ್ಪನ್ನೂ ಎತ್ತಿತು. ಮರುವರ್ಷ ಮಾಂಟ್ರಿಯಲ್ ಒಟ್ಟಾವವನ್ನು ಆರಿಸಿ 3-1ರಿಂದ ಸೋತಿತು.

"ನೋಡಿ, ಆರಿಸಿಕೊಂಡವರು ಎರಡು ಸಲವೂ ಸೋತರು" ಅಂತ ನಗುವವರಿದ್ದಾರೆ. ನನಗೆ ಇದೇ ಬಲವಾದ ವಾದ ಅನ್ನಿಸುತ್ತದೆ. ಮೇಲಿನ ತಂಡಕ್ಕೆ ಹಕ್ಕು ಕೊಟ್ಟರೆ ಅಚ್ಚರಿಯ ಗೆಲುವುಗಳು ಸಾಯುತ್ತವೆ ಅನ್ನುವ ಭಯ ಸುಳ್ಳು ಅಂತ ಎರಡೇ ವರ್ಷದಲ್ಲಿ ಗೊತ್ತಾಯಿತು. ಮಿನ್ನೆಸೋಟಾ ಆಟಗಾರ್ತಿಯರಿಗೆ "ನಮ್ಮನ್ನು ಸುಲಭ ಅಂದುಕೊಂಡರು" ಅನ್ನುವ ಕಿಚ್ಚು ಹತ್ತಿದ್ದರೆ, ಆ ಕಥೆ ಇನ್ನೂ ಚೆಂದ. ಮೇಲಿನ ತಂಡಕ್ಕೆ ತಾನೇ ತೀರ್ಮಾನ ಮಾಡುವ ಹಕ್ಕು ಸಿಕ್ಕಿತು. ತಪ್ಪಾದರೆ ಅದು ಅವರದೇ ತಪ್ಪು. ಯಾರೋ ಹಾಕಿದ ಚೌಕಟ್ಟಿನಲ್ಲಿ ಸಿಕ್ಕಿಬಿದ್ದು ಸೋಲುವುದಕ್ಕಿಂತ ಇದು ಎಷ್ಟೋ ಮೇಲು.

ಎನ್‌ಎಚ್‌ಎಲ್‌ನಲ್ಲಿ ಪ್ರಯಾಣದ ತೊಂದರೆ ಇದೆ, ಒಪ್ಪುತ್ತೇನೆ. ಪಶ್ಚಿಮದ ತಂಡಗಳ ನಡುವೆ ದೂರ ಜಾಸ್ತಿ. ಹಾಗಾಗಿ ಕಾನ್ಫರೆನ್ಸ್ ಒಳಗೇ ಇರಲಿ. ಮೊದಲ ಸುತ್ತಿನಲ್ಲಿ ಪ್ರತಿ ಕಾನ್ಫರೆನ್ಸ್‌ನ ಮೊದಲ ತಂಡ ಕೆಳಗಿನ ನಾಲ್ಕರಲ್ಲಿ ಒಂದನ್ನು ಆರಿಸಲಿ, ಆಮೇಲೆ ಎರಡನೆಯದು, ಮೂರನೆಯದು. ಎರಡನೇ ಸುತ್ತಿಗೆ ರೀಸೀಡಿಂಗ್ ವಾಪಸ್ ಬರಲಿ. ಲೀಗ್ ಹಂತ ಮುಗಿದ ಮರುದಿನ ಸಂಜೆ ಟಿವಿಯಲ್ಲಿ ನೇರಪ್ರಸಾರ, ಮೊದಲ ತಂಡದ ಕ್ಯಾಪ್ಟನ್ ಎದ್ದು ನಿಂತು ಎದುರಾಳಿಯ ಹೆಸರು ಹೇಳುವುದು. ಆ ಒಂದು ಗಂಟೆಗೆ ನಾನಂತೂ ಬೇರೆಲ್ಲ ಕೆಲಸ ಬಿಟ್ಟು ಕೂರುತ್ತೇನೆ.