ಕುಣಿಸಿದರೆ ಜಾಝ್ ಅಲ್ಲವಂತೆ!

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ. ಗೆಳೆಯರೊಬ್ಬರ ಮನೆಯಲ್ಲಿ ಅಮೆರಿಕದ ಜಾಝ್ ಗಿಟಾರ್ ವಾದಕ ಗ್ರಾಂಟ್ ಗ್ರೀನ್‌ನ ‘ಅಲೈವ್!’ ಆಲ್ಬಂ ಹಾಕಿದ್ದೆ. ಕಾವೇರುವಷ್ಟರಲ್ಲಿ ಜಾಝ್ ಬಲ್ಲವರೊಬ್ಬರು, “ಇದು ದುಡ್ಡಿಗೆ ಬಾರಿಸಿದ್ದು ಕಣ್ರೀ, ಜಾಝ್ ಅಲ್ಲ” ಅಂದುಬಿಟ್ಟರು. ಉಳಿದವರು ಹೂಂಗುಟ್ಟಿದರು. ಅಲ್ಲಿ ವಾದ ಮಾಡಿ ಊಟ ಕೆಡಿಸೋದು ಬೇಡ ಅಂತ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

1970ರ ಆಗಸ್ಟ್ 15. ನ್ಯೂಜೆರ್ಸಿಯ ನೂವಾರ್ಕ್ ಊರಿನ ಕ್ಲಿಶೇ ಲೌಂಜ್ ಅನ್ನೋ ಕ್ಲಬ್. ಈ ಆಲ್ಬಂ ರೆಕಾರ್ಡ್ ಆಗಿದ್ದು ಅಲ್ಲೇ. 1967ರ ಗಲಭೆಯಲ್ಲಿ 26 ಜನ ಸತ್ತ ಊರದು. ಅದರ ಮೊದಲ ಕಪ್ಪು ಮೇಯರ್ ಕೆನೆತ್ ಗಿಬ್ಸನ್ ಅಧಿಕಾರಕ್ಕೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅಂಥ ಊರಲ್ಲಿ, ದಿನವಿಡೀ ದುಡಿದು ಬಂದವರ ಎದುರು ಬಾರಿಸಿದ್ದು ಇದು. ಅವರು ಕುಣಿಯಬೇಕು ಅಂತಲೇ ಬಾರಿಸಿದ್ದು. ಅದರಲ್ಲಿ ತಪ್ಪೇನಿದೆ?

ಈ ಆಲ್ಬಮ್ಮಿನ ‘ಸೂಕಿ ಸೂಕಿ’ ಹಾಡು ಕೇಳಿ. ತಳದ ಸ್ವರ ಹಿಡಿಯೋ ಬಾಸ್ ಗಿಟಾರ್ ಇಲ್ಲವೇ ಇಲ್ಲ, ಆ ಕೆಲಸವೂ ಕೀಬೋರ್ಡಿನಂಥ ಆರ್ಗನ್ನಿನದೇ. ಡ್ರಮ್ಸ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಇದ್ರಿಸ್ ಮುಹಮ್ಮದ್. ಅವರು ಪೆಟ್ಟುಗಳ ನಡುವೆ ಬಿಡುವ ಜಾಗದಲ್ಲೇ ಹಾಡು ಉಸಿರಾಡೋದು. ಅದರ ಮೇಲೆ ಗ್ರೀನ್. ಹಲವು ಸ್ವರ ಒಟ್ಟಿಗೆ ಮೀಟೋ ಕಾರ್ಡ್ಸ್ (chords) ಮುಟ್ಟೋದೇ ಅಪರೂಪ, ಒಂದೊಂದೇ ಸ್ವರ, ಸ್ಯಾಕ್ಸೊಫೋನ್ ಊದಿದ ಹಾಗೆ. ಒಂದು ಪುಟ್ಟ ತುಣುಕು ಹಿಡಿದು ಅದನ್ನೇ ಮತ್ತೆ, ಮತ್ತೆ, ಮತ್ತೆ ಬಾರಿಸ್ತಾನೆ. ಜಾತ್ರೆಯಲ್ಲಿ ಡೊಳ್ಳಿನವರು ಒಂದೇ ವರಸೆ ಹಿಡಿದು ಸುತ್ತ ನಿಂತವರಿಗೆಲ್ಲ ಕಾವು ಏರಿಸ್ತಾರಲ್ಲ, ಹಾಗೆ. ಇನ್ನು ತಡೆಯೋಕಾಗಲ್ಲ ಅನ್ನುವಾಗ ಸರಕ್ಕನೆ ಬಿಟ್ಟು ಬೇರೆ ಕಡೆ ಜಾರ್ತಾನೆ. ಇದನ್ನು ಸುಲಭ ಅನ್ನೋರು ಗಿಟಾರ್ ಹಿಡಿದು ಒಂದು ಸಲ ಮಾಡಿ ತೋರಿಸಲಿ.

“ರೇಡಿಯೋದಲ್ಲಿ ಓಡ್ತಿದ್ದ ಹಾಡುಗಳನ್ನೇ ಎತ್ತಿಕೊಂಡಿದ್ದಾನೆ” ಅನ್ನೋದು ಇನ್ನೊಂದು ತಕರಾರು. ಹೌದು, ಈ ಆಲ್ಬಮ್ಮಿನ ‘ಲೆಟ್ ದ ಮ್ಯೂಸಿಕ್ ಟೇಕ್ ಯುವರ್ ಮೈಂಡ್’ ಮೂಲತಃ ಕೂಲ್ ಅಂಡ್ ದ ಗ್ಯಾಂಗ್‌ನದು, ಪಕ್ಕದ ಜರ್ಸಿ ಸಿಟಿ ಹುಡುಗರ ಬ್ಯಾಂಡಿನದು. ಇದೇ ಗ್ರೀನ್ 1964ರಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಬಾರಿಸಿದ್ದಕ್ಕೆ ಯಾರೂ ತಕರಾರು ತೆಗೆಯಲ್ಲ. ಅದೂ ಜನಪ್ರಿಯ ಹಾಡೇ ಅಲ್ವಾ, ಬ್ರಾಡ್‌ವೇ ನಾಟಕದ್ದು? ನಾಟಕಶಾಲೆಯ ಹಾಡು ಎತ್ತಿಕೊಂಡರೆ ಕಲೆ, ಬೀದಿಯ ಹಾಡು ಎತ್ತಿಕೊಂಡರೆ ದುಡ್ಡಿನಾಸೆ. ಈ ಲೆಕ್ಕ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಗ್ರೀನ್ ಇದಕ್ಕೂ ಮೊದಲು ಮಾಡಿದ ‘ಐಡಲ್ ಮೊಮೆಂಟ್ಸ್’ ದೊಡ್ಡ ಆಲ್ಬಂ ಅನ್ನೋದರಲ್ಲಿ ಎರಡು ಮಾತಿಲ್ಲ, ನನಗೂ ಪ್ರಾಣ. ಅದನ್ನು ಹೊಗಳೋಕೆ ಇದನ್ನು ಯಾಕೆ ತುಳೀಬೇಕು?

ಅಪ್ಪ ಹೋದ ಮೇಲೆ ನಾನು ಹೇಗಿದ್ದೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಯಾವ ಸಂಗೀತವೂ ರುಚಿಸ್ತಿರಲಿಲ್ಲ. ಹಾಕಿದ್ದನ್ನು ಅರ್ಧಕ್ಕೇ ನಿಲ್ಲಿಸಿಬಿಡ್ತಿದ್ದೆ. ಕೊನೇವರೆಗೂ ಕೇಳೋಕಾಗಿದ್ದು ಈ ಆಲ್ಬಮ್ಮಿನ ‘ಡೌನ್ ಹಿಯರ್ ಆನ್ ದ ಗ್ರೌಂಡ್’ ಒಂದೇ. ನಿಧಾನದ ಹಾಡು. ಅವಸರವಿಲ್ಲ, ಅಳುಬುರುಕತನವೂ ಇಲ್ಲ. ಅದನ್ನು ಯಾರಾದರೂ ‘ಕಮರ್ಷಿಯಲ್’ ಅಂದರೆ ನನಗೆ ಮೈಯೆಲ್ಲ ಉರಿಯುತ್ತೆ.

ವಿಮರ್ಶಕರು ಮೂಗು ಮುರಿದ ಈ ಸಂಗೀತವನ್ನು ಹುಡುಕಿ ತೆಗೆದವರು ಇಪ್ಪತ್ತು ವರ್ಷದ ನಂತರದ ಹುಡುಗರು. ಆ ನಿಧಾನದ ಹಾಡಿನ ತುಣುಕನ್ನೇ 1991ರಲ್ಲಿ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದವರು ತಮ್ಮ ರ‍್ಯಾಪ್‌ಗೆ ಬಳಸಿದರು. 1993ರಲ್ಲಿ ಯುಎಸ್3 ತಂಡ ‘ಸೂಕಿ ಸೂಕಿ’ಗೆ ಕೈ ಹಾಕಿತು. ಇದನ್ನೆಲ್ಲ ನೋಡೋಕೆ ಗ್ರೀನ್ ಇರಲಿಲ್ಲ. 1979ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡಿದ್ದ. ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಆರ್ಗನ್ನಿನ ಕೆಳಗಿನ ಸ್ವರಗಳೆಲ್ಲ ಮಾಯವಾಗುತ್ತೆ. ಒಳ್ಳೇ ಹೆಡ್‌ಫೋನ್ ಹಾಕಿ ‘ಸೂಕಿ ಸೂಕಿ’ಯಿಂದ ಶುರು ಮಾಡಿ, 11 ನಿಮಿಷವನ್ನೂ ಪೂರ್ತಿ ಕೇಳಿ. ಹಿಡಿಸಿದರೆ ಗ್ರೀನ್ ಮಾಡಿದ 1972ರ ಆಲ್ಬಂ ‘ಲೈವ್ ಅಟ್ ದ ಲೈಟ್‌ಹೌಸ್’ ಇದೆ. ಹಿಡಿಸದಿದ್ದರೆ ಕಾಮೆಂಟಲ್ಲಿ ಬನ್ನಿ, ಇವತ್ತು ನನಗೆ ರಜೆ.