ಬಿಟ್ಟು ಹಿಡಿಯುವ ಯಂತ್ರ

ಹವ್ಯಾಸಕ್ಕೆಂದು ಮನೆಯಲ್ಲಿ ಸಿಎನ್‌ಸಿ ರೌಟರ್, ಎಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ, ಇಟ್ಟುಕೊಂಡವರ ಆಸೆಗಳು ಒಂದು ಕ್ರಮದಲ್ಲೇ ಬೆಳೆಯುತ್ತವೆ. ಮೊದಲು ಮೇಜು ಇನ್ನೊಂದಿಷ್ಟು ಅಗಲವಿದ್ದರೆ ಅನ್ನಿಸುತ್ತದೆ. ಆಮೇಲೆ ಬಿಟ್ ಎಂಬ ಕೆತ್ತುವ ಮೊನೆಯನ್ನು ತಿರುಗಿಸುವ ಸ್ಪಿಂಡಲ್ ಮೋಟಾರಿಗೆ ಕಸುವು ಸಾಲದು ಅನ್ನಿಸುತ್ತದೆ. ಆಮೇಲೆ ಮನೆಯವರ ಕೆಮ್ಮಿಗೂ ಗೊಣಗಾಟಕ್ಕೂ ಮಣಿದು ಧೂಳು ಎಳೆಯುವ ವ್ಯಾಕ್ಯೂಮ್ ಬರುತ್ತದೆ. ಇಷ್ಟಾದ ಮೇಲೆ ಮನುಷ್ಯ ಸುಮ್ಮನಿರಬೇಕು. ಇರುವುದಿಲ್ಲ. ಬಿಟ್ ಬದಲಿಸುವುದಕ್ಕೂ ನಾನೇ ಏಕೆ ಎದ್ದು ಹೋಗಬೇಕು ಎಂಬ ಪ್ರಶ್ನೆ ಒಂದು ದಿನ ತಲೆಗೆ ಹೊಕ್ಕುತ್ತದೆ. ನನಗೂ ಹೊಕ್ಕಿತು, ಬಿಟ್ಟನ್ನು ಯಂತ್ರ ತಾನೇ ಬದಲಿಸಿಕೊಳ್ಳುವ ಸಲಕರಣೆ ತರಿಸಿದೆ. ಈಗ ಬೆಂಗಳೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಯಂತ್ರ ನಿಂತಿದೆ, ಕಾರು ಬೀದಿಯಲ್ಲಿ ನಿಂತಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮರದ ಹಲಗೆಯ ಮೇಲೆ ಮನೆಯ ಹೆಸರು ಕೆತ್ತಬೇಕು ಅನ್ನಿ. ಸುತ್ತಲಿನ ಮರ ಬಗೆದು ತೆಗೆಯಲು 6 ಮಿಲಿಮೀಟರಿನ ಎಂಡ್ ಮಿಲ್ ಬೇಕು, ಹೂಬಳ್ಳಿಯ ಉಬ್ಬುತಗ್ಗಿಗೆ ತುದಿ ಗುಂಡಗಿರುವ ಬಾಲ್ ನೋಸ್ ಬೇಕು, ಅಕ್ಷರಕ್ಕೆ ಚೂಪು ಮೂತಿಯ ವಿ-ಬಿಟ್ ಬೇಕು. ಒಂದೊಂದರ ಸರದಿ ಬಂದಾಗಲೂ ಯಂತ್ರ ನಿಂತು ಕಾಯುತ್ತದೆ. ನಾವು ಎರಡು ಸ್ಪ್ಯಾನರ್ ಹಿಡಿದು ಹೋಗಿ, ಬಿಟ್ಟನ್ನು ಕಚ್ಚಿ ಹಿಡಿದಿರುವ ಕಾಲೆಟ್ಟಿನ ನಟ್ಟು ಸಡಿಲಿಸಿ, ಹಳೆಯದನ್ನು ಎಳೆದು, ಹೊಸದನ್ನು ತೂರಿಸಿ, ಬಿಗಿದು, ಅದರ ತುದಿಯನ್ನು ಹಲಗೆಗೆ ತಾಗಿಸಿ ಸೊನ್ನೆ ಹೊಂದಿಸಬೇಕು. ಕಷ್ಟದ ಕೆಲಸವೇನಲ್ಲ. ಆದರೆ ನಾವು ಒಳಗೆ ಕಾಫಿಗೆ ಕೂತ ಗಳಿಗೆಯನ್ನೇ ನೋಡಿಕೊಂಡು ಅದು ನಿಲ್ಲುತ್ತದೆ.

ಈ ಸೋಮಾರಿತನ ನನ್ನ ಸ್ವಂತದ್ದಲ್ಲ, ಅದಕ್ಕೊಂದು ವಂಶಾವಳಿಯಿದೆ. ತೂತು ಹೊಡೆದ ಕಾಗದದ ಪಟ್ಟಿ ಓದಿಕೊಂಡು ತಾನೇ ಓಡುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿಯವರು ಜಗತ್ತಿಗೆ ತೋರಿಸಿದ್ದು 1952ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಇಂಥ ಯಂತ್ರೋಪಕರಣಗಳಿಗೆಂದೇ ಎಚ್‌ಎಂಟಿ ಹುಟ್ಟಿದ್ದು ಅದರ ಮರುವರ್ಷ. ಆ ದಶಕ ಮುಗಿಯುವ ಹೊತ್ತಿಗೆ ಕರ್ನಿ ಅಂಡ್ ಟ್ರೆಕರ್ ಕಂಪನಿಯವರ ಮಿಲ್ವಾಕಿ-ಮ್ಯಾಟಿಕ್ ಎಂಬ ಯಂತ್ರ ತನ್ನ ಟೂಲನ್ನು, ಎಂದರೆ ಬಿಟ್ಟಿನಂಥ ಕೊರೆಯುವ ಸಾಧನವನ್ನು, ತಾನೇ ಬದಲಿಸಿಕೊಳ್ಳತೊಡಗಿತ್ತು. ಈಗ ತುಮಕೂರು ರಸ್ತೆಯಲ್ಲಿ ನಡೆಯುವ ಇಮ್ಟೆಕ್ಸ್ ಎಂಬ ಯಂತ್ರೋಪಕರಣಗಳ ಪ್ರದರ್ಶನಕ್ಕೆ ಹೋದರೆ, ಗಾಜಿನ ಹಿಂದೆ ಒಂದು ತೋಳು ತಿರುಗಿ ಎರಡು-ಮೂರು ಸೆಕೆಂಡಿನಲ್ಲಿ ಹಳೆಯ ಟೂಲ್ ಇಳಿಸಿ ಹೊಸದನ್ನು ಏರಿಸಿರುತ್ತದೆ. ಏನಾಯಿತೆಂದು ಪಕ್ಕದವರನ್ನು ಕೇಳಬೇಕು, ಅವರೂ ನೋಡಿರುವುದಿಲ್ಲ.

ನಮ್ಮ ಹವ್ಯಾಸಿಗಳ ಬಡ ಲೋಕಕ್ಕೆ ಈ ಸುಖ ಇಳಿದು ಬಂದದ್ದು ತಡವಾಗಿ. ಅರ್ಡುಯಿನೊ ಎಂಬ ಅಗ್ಗದ ಬೋರ್ಡಿನ ಮೇಲೆ ಓಡುವ ಜಿಆರ್‌ಬಿಎಲ್ ತಂತ್ರಾಂಶ 2009ರಲ್ಲಿ ಬಂದದ್ದರಿಂದಲೇ ಸಿಎನ್‌ಸಿ ನಮ್ಮಂಥವರ ಶೆಡ್ಡುಗಳಿಗೆ ಕಾಲಿಟ್ಟಿತು, ನಿಜ. ಆದರೆ ಮೂಲ ಜಿಆರ್‌ಬಿಎಲ್‌ಗೆ ‘ಎಂ6’ ಎಂದು ಬರೆದುಕೊಟ್ಟರೆ, ಎಂದರೆ ಟೂಲ್ ಬದಲಿಸು ಎಂದು ಹೇಳಿದರೆ, ಇದು ನನಗೆ ತಿಳಿಯದು ಎಂದು ತಪ್ಪು ತೋರಿಸಿ ಕೂತುಬಿಡುತ್ತದೆ. ಅದಕ್ಕಾಗಿ ನಾನು ಹಳೆಯ ಕಂಪ್ಯೂಟರೊಂದರ ಧೂಳು ಕೊಡವಿ ಎಂ6 ತಿಳಿದಿರುವ ಲಿನಕ್ಸ್‌ಸಿಎನ್‌ಸಿ ತಂತ್ರಾಂಶ ಹಾಕಿಕೊಂಡೆ.

ಇಡೀ ಏರ್ಪಾಟಿನ ಜೀವವಿರುವುದು ಒಂದು ಶಂಕುವಿನಲ್ಲಿ. ಬಿಟ್ ಈಗ ಸ್ಪಿಂಡಲ್ಲಿಗೆ ನೇರವಾಗಿ ಹೋಗುವುದಿಲ್ಲ. ಪ್ರತಿ ಬಿಟ್ಟಿಗೂ ಐಎಸ್‌ಒ20 ಅಳತೆಯ ಉಕ್ಕಿನ ಹೋಲ್ಡರ್ ಇದೆ. ಅದರ ಮೇಲ್ಭಾಗ 24 ಮಿಲಿಮೀಟರ್ ಉದ್ದಕ್ಕೆ 7 ಮಿಲಿಮೀಟರ್ ವ್ಯಾಸ ಇಳಿಯುವಷ್ಟು ಕಡಿದಾದ ಇಳಿಜಾರು. ಲೇತ್ ಯಂತ್ರದ ಹಿಂತುದಿಯ ಟೇಲ್‌ಸ್ಟಾಕಿನಲ್ಲಿರುವ ಮೋರ್ಸ್ ಟೇಪರ್ ಎಂಬ ಶಂಕು ಹೀಗಲ್ಲ. ಅದರ ಇಳಿಜಾರು ಬಹಳ ಕಡಿಮೆ, ಒಮ್ಮೆ ಒತ್ತಿದರೆ ತಾನಾಗಿ ಕಚ್ಚಿಕೊಳ್ಳುತ್ತದೆ, ಬಿಡಿಸಬೇಕಾದರೆ ಏಟೋ ಬಲವಾದ ನೂಕೋ ಬೀಳಬೇಕು. ನಮ್ಮ ಶಂಕುವಿಗೆ ಕಚ್ಚಿಕೊಳ್ಳುವ ಗುಣವೇ ಇಲ್ಲ. ಬಿಟ್ಟರೆ ಬಿದ್ದೇ ಹೋಗುತ್ತದೆ. ಪದೇ ಪದೇ ಬದಲಿಸುವವರಿಗೆ ಬೇಕಾದದ್ದೂ ಅದೇ. ಹಾಗಾಗಿ ಒಳಗೆ ಕೂತು ಅದರ ಜುಟ್ಟು ಹಿಡಿದು ಮೇಲಕ್ಕೆಳೆಯುವ ಕೆಲಸ ಬೆಲ್‌ವಿಲ್ ಸ್ಪ್ರಿಂಗುಗಳದು. ಒಂದರ ಮೇಲೊಂದು ಪೇರಿಸಿದ, ನಡು ಉಬ್ಬಿದ ವಾಷರುಗಳು. ಫ್ರಾನ್ಸಿನ ಜೂಲಿಯನ್ ಬೆಲ್‌ವಿಲ್ 1867ರಲ್ಲೇ ಪೇಟೆಂಟ್ ಮಾಡಿಸಿಕೊಂಡದ್ದು. ಕಂಪ್ರೆಸರಿನಿಂದ ಬರುವ ಗಾಳಿ ಆ ಸ್ಪ್ರಿಂಗುಗಳನ್ನು ಅದುಮಿದಾಗ ಮಾತ್ರ ಹಿಡಿತ ಸಡಿಲುತ್ತದೆ.

ಇದು ನನಗೆ ಬಹಳ ಹಿಡಿಸಿದ ಸಂಗತಿ. ಹಿಡಿದುಕೊಳ್ಳಲು ಈ ಯಂತ್ರಕ್ಕೆ ಶ್ರಮವಿಲ್ಲ, ಬಿಡುವುದಕ್ಕೇ ಆರು ಬಾರ್ ಒತ್ತಡದ ಗಾಳಿ ಬೇಕು. ಕರೆಂಟ್ ಹೋಗಲಿ, ಗಾಳಿಯ ಪೈಪು ಒಡೆಯಲಿ, ಟೂಲ್ ಇದ್ದಲ್ಲೇ ಇರುತ್ತದೆ. ನಮ್ಮ ಬಡಾವಣೆಯ ಕರೆಂಟಿನ ಚಾಳಿ ಗೊತ್ತಿದ್ದೇ ಮಾಡಿದ್ದಾರೇನೋ ಅನ್ನಿಸುವಷ್ಟು ಒಳ್ಳೆಯ ವಿನ್ಯಾಸ.

ಜೋಡಿಸಿದ್ದಾಯಿತು, ಇನ್ನು ಪರೀಕ್ಷೆ. ಪರೀಕ್ಷೆಯೆಂದರೆ ಮರವಿಲ್ಲ, ಕೆತ್ತನೆಯಿಲ್ಲ. ಒಂದನೆಯದನ್ನು ಇಡು, ಎರಡನೆಯದನ್ನು ಎತ್ತು, ಎರಡನೆಯದನ್ನು ಇಡು, ಮೂರನೆಯದನ್ನು ಎತ್ತು. ಕಂಪ್ರೆಸರ್ ಗುಡುಗುತ್ತದೆ, ಪ್ರತಿ ಸಲ ಹಿಡಿತ ಬಿಡುವಾಗ ‘ಟುಸ್’ ಎನ್ನುತ್ತದೆ. ಶಬ್ದಕ್ಕೆ ಎದ್ದು ಬಂದ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು.

“ಏನೋ ಮಾಡ್ತಿದೆ ಅದು?”

“ಬಿಟ್ ಬದಲಾಯಿಸ್ತಿದೆ ಅಮ್ಮ.”

“ಬದಲಾಯಿಸಿ ಏನು ಕೆತ್ತುತ್ತೆ?”

“ಏನೂ ಇಲ್ಲ. ಬದಲಾಯಿಸುತ್ತೋ ಇಲ್ವೋ ನೋಡ್ತಿದೀನಿ.”

“ಬದಲಾಯಿಸ್ತಲ್ಲ. ನೋಡಿದ್ಯಲ್ಲ. ಆಫ್ ಮಾಡು.”

ತರ್ಕದಲ್ಲಿ ತಪ್ಪಿಲ್ಲ. ಆದರೆ ಯಂತ್ರ ಒಮ್ಮೆ ಸರಿಯಾಗಿ ಮಾಡಿತೆಂದರೆ ಒಮ್ಮೆ ಮಾಡಿತು ಅಂತಷ್ಟೇ. ಹೋಲ್ಡರಿನ ಗೂಡು ಎಂದರೆ ಒಂದು ಪ್ಲಾಸ್ಟಿಕ್ ಕವಲು, ಅದರ ಬಾಯಿಗೆ ಹೋಲ್ಡರಿನ ಕುತ್ತಿಗೆಯ ಸುತ್ತಿನ ತೋಡು ಸರಿಯಾಗಿ ಕೂರಬೇಕು. ಅರ್ಧ ಮಿಲಿಮೀಟರ್ ಅತ್ತಿತ್ತ ಆದರೂ ಕವಲು ಬಾಗುತ್ತದೆ, ಇನ್ನಷ್ಟಾದರೆ ಮುರಿಯುತ್ತದೆ. ಅದಕ್ಕೇ ಮೊದಮೊದಲು ಬೀಗರ ಮನೆಯಲ್ಲಿ ಗಾಜಿನ ಲೋಟ ಎತ್ತುವವರಷ್ಟು ನಿಧಾನವಾಗಿ ಓಡಿಸಿದೆ, ಬೆರಳು ಕೆಂಪು ಗುಂಡಿಯ ಮೇಲೆ. ಎದ್ದು ಹೋಗುವ ಶ್ರಮ ತಪ್ಪಲೆಂದು ತಂದ ಸಲಕರಣೆಯ ಎದುರು ಎದ್ದು ಹೋಗಲಾಗದಂತೆ ಕೂತಿದ್ದೆ.

ಹಾಗೆ ಕೂತಾಗಲೇ ನನ್ನ ಕೈ ಇಷ್ಟು ವರ್ಷ ನನಗೆ ಹೇಳದೆ ಏನೇನು ಮಾಡುತ್ತಿತ್ತು ಎಂದು ತಿಳಿದದ್ದು. ಬಿಟ್ ಬದಲಿಸುವಾಗ ನಾನು ಕಾಲೆಟ್ಟಿನೊಳಗೆ ಒಮ್ಮೆ ಉಫ್ ಎಂದು ಊದುತ್ತೇನೆ, ಬನಿಯನ್ನಿನ ಅಂಚಿನಲ್ಲಿ ಒರೆಸುತ್ತೇನೆ. ಯಾರೂ ಕಲಿಸಿದ್ದಲ್ಲ. ಯಂತ್ರಕ್ಕೆ ಅದನ್ನು ಬೇರೆಯಾಗಿ ಹೇಳಿಕೊಡಬೇಕು: ಶಂಕು ಒಳಹೋಗುವ ಮುನ್ನ ಒಳಗಿನಿಂದ ಗಾಳಿ ಊದು. ಊದದಿದ್ದರೆ ಏನಾಗುತ್ತದೆ ಎಂದು ನೋಡಲು, ಬೇಕೆಂದೇ ಶಂಕುವಿಗೆ ಚಿಟಿಕೆ ತೇಗದ ಪುಡಿ ಸವರಿ, ಊದುವ ಗಾಳಿ ನಿಲ್ಲಿಸಿ, ಬಿಟ್ಟಿನ ಬದಲು ಹಾಕಿದ ನುಣುಪು ಸರಳಿಗೆ ಅಲ್ಲಾಟ ಅಳೆಯುವ ಡಯಲ್ ಗೇಜ್ ತಾಗಿಸಿ ಸ್ಪಿಂಡಲ್ಲನ್ನು ಕೈಯಲ್ಲೇ ತಿರುಗಿಸಿದೆ. ಶುಚಿಯಾಗಿದ್ದಾಗ ಒಂದೆರಡು ಗೆರೆಯಷ್ಟೇ ಅಲ್ಲಾಡುತ್ತಿದ್ದ ಮುಳ್ಳು ಸುತ್ತಿನ ಒಂದು ಕಡೆ ಸರ್ರನೆ ಏರಿ ಇನ್ನೊಂದು ಕಡೆ ಇಳಿಯಿತು. ಪುಡಿ ಕಣ್ಣಿಗೆ ಕಂಡೂ ಕಾಣದಷ್ಟು. ಮೇಲೆ ಕೂದಲೆಳೆಯಷ್ಟು ವಾಲಿದರೆ ಕೆಳಗಿನ ತುದಿಯಲ್ಲಿ ಅದು ಬೆಳೆದು ಕಾಣಿಸುತ್ತದೆ. ಸಣ್ಣ ಬಿಟ್ಟಾದರೆ ಮುರಿಯುವುದಕ್ಕೆ ಅಷ್ಟು ಸಾಕು.

ಇನ್ನೊಂದು, ಕಾಯುವುದು. ನಿಮಿಷಕ್ಕೆ 24,000 ಸುತ್ತು ಹಾಕುತ್ತಿರುವ ಸ್ಪಿಂಡಲ್ಲಿಗೆ ಯಾರೂ ಸ್ಪ್ಯಾನರ್ ಹಾಕುವುದಿಲ್ಲ. ಪೂರ್ತಿ ನಿಲ್ಲುವವರೆಗೆ ಕೈ ತಾನಾಗಿ ಹಿಂದೆ ಸರಿದಿರುತ್ತದೆ. ಯಂತ್ರಕ್ಕೆ ಅಂಥ ಹೆದರಿಕೆ ಇಲ್ಲ. ನಿಲ್ಲು ಎಂದ ಮರುಕ್ಷಣ ಬಿಡು ಎಂದರೆ ಬಿಟ್ಟುಬಿಡುತ್ತದೆ, ಒಳಗಿನದು ಗಿರ್ರನೆ ತಿರುಗುತ್ತಿದ್ದರೂ. ಆದ್ದರಿಂದ ನಿಂತಿತೆಂದು ಮೋಟಾರನ್ನು ಓಡಿಸುವ ಡ್ರೈವಿನಿಂದ ಸುದ್ದಿ ಬರುವವರೆಗೆ ಗಾಳಿಯ ವಾಲ್ವ್ ತೆರೆಯಬಾರದೆಂದು ಕಟ್ಟುನಿಟ್ಟು ಮಾಡಬೇಕು. ಪರೀಕ್ಷೆಗಳಲ್ಲೆಲ್ಲ ನಾನು ಕನ್ನಡಕ ಹಾಕಿಕೊಂಡು ಕಂಬದ ಮರೆಯಿಂದ ನೋಡಿದ್ದು ಇದೊಂದನ್ನೇ.

ಗಾಳಿಯ ವಿಷಯಕ್ಕೆ ಬಂದರೆ, ಮಳೆಗಾಲದಲ್ಲಿ ಕಂಪ್ರೆಸರಿನ ತೊಟ್ಟಿಯಲ್ಲಿ ನೀರು ಸೇರುತ್ತದೆ. ಫಿಲ್ಟರ್ ಹಾಕದಿದ್ದರೆ ಊದುವ ಗಾಳಿಯ ಜೊತೆ ಹನಿಯೂ ಬಂದು ಉಕ್ಕಿನ ಶಂಕುವಿಗೆ ತುಕ್ಕು. ಫಿಲ್ಟರ್ ಹಾಕಿ, ತಳದ ನಲ್ಲಿ ತಿರುಗಿಸಿ ನೀರು ಬಿಡುತ್ತಿರಬೇಕು, ಅಷ್ಟೇ.

ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು ಯಂತ್ರದ ನೆನಪು. ತನ್ನ ಹಿಡಿಯಲ್ಲಿ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ. ‘ಏನೋ ಒಂದು ಸಿಕ್ಕಿದೆ’ ಎಂದಷ್ಟೇ ಒಳಗಿನ ಸೆನ್ಸರ್ ಹೇಳುತ್ತದೆ. ಅದು ಮೂರನೆಯದು ಎಂಬುದು ಬರೀ ಲೆಕ್ಕದ ಮಾತು: ಮೂರನೆಯ ಗೂಡಿನಿಂದ ಎತ್ತಿದ್ದೇನೆ, ಆದ್ದರಿಂದ ಇದು ಮೂರನೆಯದು. ಗೂಡಿನಲ್ಲಿ ಬಾಲ್ ನೋಸ್ ಬದಲು ವಿ-ಬಿಟ್ ಇಟ್ಟು ನೋಡಿದೆ. ಚಕಾರವೆತ್ತದೆ ಎತ್ತಿಕೊಂಡು ಹೊರಟಿತು. ಬದಲಿಸುವ ಮಧ್ಯದಲ್ಲಿ ಕರೆಂಟ್ ತೆಗೆದರೆ ಇನ್ನೂ ಸ್ವಾರಸ್ಯ. ಸ್ಪ್ರಿಂಗುಗಳ ದಯೆಯಿಂದ ಟೂಲ್ ಹಿಡಿಯಲ್ಲೇ ಇದೆ, ಆದರೆ ಮತ್ತೆ ಚಾಲೂ ಮಾಡಿದಾಗ ಲೆಕ್ಕದ ಪುಸ್ತಕ ಖಾಲಿ. ಕೈ ಖಾಲಿಯಿದೆಯೆಂದು ನಂಬಿಕೊಂಡು, ಹಿಡಿದದ್ದನ್ನು ಹಿಡಿದುಕೊಂಡೇ ಇನ್ನೊಂದರ ನೆತ್ತಿಯ ಮೇಲೆ ಇಳಿಯಲು ಹೊರಡುತ್ತದೆ. ಕೊನೆಗೆ ಪ್ರತಿ ಬದಲಾವಣೆಯನ್ನೂ ಕಡತಕ್ಕೆ ಬರೆದಿಡುವ ಹಾಗೂ, ಕಡತವೂ ಸೆನ್ಸರೂ ಒಂದೇ ಮಾತು ಹೇಳದಿದ್ದರೆ ಕದಲದೆ ನಿಲ್ಲುವ ಹಾಗೂ ಮಾಡಿದೆ. ನಿಂತಾಗ ಹೋಗಿ ಕಣ್ಣಿಂದ ನೋಡಿ ಹೇಳಬೇಕಾದವನು ಮತ್ತೆ ನಾನೇ.

ನಮ್ಮ ಬೀದಿಯಾಚೆ ತಲೆಬಾಗಿಲುಗಳಿಗೆ ಗಣಪತಿ, ಲಕ್ಷ್ಮಿ ಕೆತ್ತಿಕೊಡುವ ಅಂಗಡಿಯೊಂದಿದೆ. ಅಲ್ಲಿ ಯಂತ್ರ ನೋಡಿಕೊಳ್ಳುವ ಹುಡುಗನ ಹತ್ತಿರ ತುಂಡು ಹಲಗೆ ಕೇಳಲು ಹೋದಾಗ ವಿಷಯ ಹೇಳಿದೆ. ಅವನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಯಾರಿಗೋ ಬಾಗಿಲಿನ ಅಳತೆ ಹೇಳುತ್ತಲೇ, ಎರಡು ಸ್ಪ್ಯಾನರಿನಲ್ಲಿ ಬಿಟ್ ಬದಲಿಸುತ್ತಿದ್ದ. ಮಾತು ಮುಗಿಸಿ ಕೇಳಿದ, “ಆಟೋಮ್ಯಾಟಿಕ್ ಎಷ್ಟಾಯ್ತು ಸಾರ್?” ಹೇಳಿದೆ. ಕೈಯಲ್ಲಿದ್ದ ಸ್ಪ್ಯಾನರುಗಳನ್ನು ಒಮ್ಮೆ ನೋಡಿದ. “ಇದು ಮೆಷಿನ್ ಜೊತೆ ಫ್ರೀ ಬಂದಿದ್ದು ಸಾರ್.”

ಆದರೂ ಸಂಜೆ ನೋಡಲು ಬಂದ. ಯಂತ್ರ ಆ ಹೊತ್ತಿಗೆ ತನ್ನ ಪೂರ್ತಿ ವೇಗಕ್ಕೆ ಬಂದಿತ್ತು. ಇಟ್ಟು, ಎತ್ತಿ, ಮೇಜಿನ ಮೂಲೆಯ ಒತ್ತುಗುಂಡಿಗೆ ಹೋಗಿ ಬಿಟ್ಟಿನ ತುದಿ ತಾಗಿಸಿ ಉದ್ದ ಅಳೆದುಕೊಂಡು ಬರುವುದಕ್ಕೆ ಹೆಚ್ಚೂಕಡಿಮೆ ಅರ್ಧ ನಿಮಿಷ. ಅದೇ ಹೋಲ್ಡರನ್ನು ಎಷ್ಟು ಸಲ ಇಳಿಸಿ ಏರಿಸಿ ಅಳೆದರೂ ಉದ್ದ ಒಂದೆರಡು ನೂರನೇ ಮಿಲಿಮೀಟರ್ ಒಳಗೇ ಬರುತ್ತಿತ್ತು. ಆ ಅಂಕಿಗಳನ್ನು ಪರದೆಯ ಮೇಲೆ ತೋರಿಸಿ ನಾನು ಸ್ವಲ್ಪ ಬೀಗಿದೆನೆಂದೇ ಇಟ್ಟುಕೊಳ್ಳಿ. ಅವನು ಅಂಕಿ ನೋಡಲಿಲ್ಲ. ಕೈಕಟ್ಟಿ ನಿಂತು ಎರಡು ಮೂರು ಬದಲಾವಣೆ ನೋಡಿದವನೇ, “ಕೆತ್ತುವಾಗ ಬಿಟ್ ಮುರಿದ್ರೆ ಗೊತ್ತಾಗುತ್ತಾ ಸಾರ್?” ಅಂದ.

ಗೊತ್ತಾಗುವುದಿಲ್ಲ. ಮೊಂಡು ತುದಿ ಗಾಳಿಯಲ್ಲಿ ಓಡಾಡಿ, ಇಡೀ ಬಳ್ಳಿಯನ್ನು ಕೆತ್ತಿದೆನೆಂದೇ ತಿಳಿದು, ಗೂಡಿಗೆ ಹೋಗಿ ಮಲಗುತ್ತದೆ. ಮುಂದಿನದು ಬಂದು, ತೆಗೆಯದೆ ಉಳಿದ ಮರಕ್ಕೆ ಹೋಗಿ ಗುದ್ದುತ್ತದೆ. ಕೈಯಲ್ಲಿ ಮಾಡುವವನಿಗೆ ಶಬ್ದದಲ್ಲೇ ತಿಳಿಯುತ್ತದೆ, ಅವನು ಒಳಗಿನ ಕೋಣೆಯಲ್ಲಿದ್ದರೂ. ಉದ್ದ ಅಳೆಯುವ ಗುಂಡಿ ಹೇಗೂ ಇದೆಯಲ್ಲ. ಗೂಡಿಗೆ ಹೋಗುವ ಮುಂಚೆ ಇನ್ನೊಮ್ಮೆ ಅಲ್ಲಿಗೆ ಹೋಗಿ, ಬಂದಾಗಿನ ಉದ್ದಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆಯಾಗಿದ್ದರೆ ನಿಂತು ಕೂಗಬೇಕೆಂದು ಅವತ್ತು ರಾತ್ರಿಯೇ ನಾಲ್ಕು ಸಾಲು ಸೇರಿಸಿದೆ. ಅದನ್ನು ಪರೀಕ್ಷಿಸಲು ಒಳ್ಳೆಯ ಬಿಟ್ ಮುರಿಯಲು ಮನಸ್ಸಿಲ್ಲ. ಹುಡುಗನ ಅಂಗಡಿಯಲ್ಲಿ ಮುರಿದವುಗಳದ್ದೇ ಒಂದು ಡಬ್ಬ ಇದೆಯಂತೆ, ಬೇಕಾದಷ್ಟು ತೆಗೆದುಕೊಂಡು ಹೋಗಿ ಸಾರ್ ಅಂದಿದ್ದಾನೆ.